ಕಿರುಚುವುದಕ್ಕೂ ಅಭ್ಯಾಸ ಬೇಕು

ಸಣ್ಣ ಬಂಡವಾಳದ ಹಾರರ್ ಚಿತ್ರದಲ್ಲಿ ದೆವ್ವವನ್ನು ತೋರಿಸಲು ದುಡ್ಡಿರುವುದಿಲ್ಲ. ಗ್ರಾಫಿಕ್ಸ್ ಇಲ್ಲ, ಎರಡನೇ ಕ್ಯಾಮೆರಾ ಇಲ್ಲ, ಚಿತ್ರೀಕರಣದ ಮನೆ ಕೂಡ ಬಹಳ ಸಲ ನಿರ್ಮಾಪಕರ ನೆಂಟರದ್ದು. ಇರುವುದು ಒಂದು ಬಾಗಿಲು, ಒಂದು ಕತ್ತಲೆ ಮೂಲೆ, ಅದನ್ನು ನೋಡುವ ಒಬ್ಬ ಹೆಣ್ಣಿನ ಮುಖ. ಪ್ರೇಕ್ಷಕರು ಹೆದರುವುದು ಆ ಮುಖ ನೋಡಿ. 2007ರ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ಯನ್ನು ಓರೆನ್ ಪೆಲಿ ಸ್ಯಾನ್ ಡಿಯಾಗೋದ ತಮ್ಮ ಮನೆಯಲ್ಲೇ ಸುಮಾರು 15,000 ಡಾಲರಿನಲ್ಲಿ ತೆಗೆದರು. ಅದರಲ್ಲಿ ಕೇಟೀ ಫೆದರ್‌ಸ್ಟನ್ ನಡುರಾತ್ರಿ ಎದ್ದು ಹಾಸಿಗೆಯ ಪಕ್ಕ ಸುಮ್ಮನೆ ನಿಂತೇ ಇರುತ್ತಾರೆ. ಆ ದೃಶ್ಯಕ್ಕೆ ಬೇಕಾದದ್ದು ಒಂದು ಹಾಸಿಗೆ ಮತ್ತು ಅಲುಗಾಡದೆ ನಿಲ್ಲಬಲ್ಲ ನಟಿ. ಕನ್ನಡದಲ್ಲಿ 2013ರ ‘6-5=2’, ಚಾರಣಕ್ಕೆ ಹೋದ ಹುಡುಗ ಹುಡುಗಿಯರ ಕ್ಯಾಮೆರಾದಲ್ಲಿ ಸಿಕ್ಕಿದ್ದು ಎಂಬಂತೆ ಬಂದು, ದೊಡ್ಡ ತಾರೆಯರಿಲ್ಲದೆಯೇ ಜನರನ್ನು ಸೆಳೆಯಿತು.

ನಾನು ರಂಗಭೂಮಿಯಿಂದ ಬಂದು ಇಂಥ ಕಿರುಚಿತ್ರ, ವೆಬ್ ಸರಣಿ, ಸಣ್ಣ ಸಿನಿಮಾಗಳಲ್ಲೇ ಹೆಚ್ಚು ದುಡಿದವಳು. ಈ ಕೆಲಸಕ್ಕೆ ಬರುವ ಹುಡುಗಿಯರು ಕೇಳುವ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಇದನ್ನು ಬರೆದಿದ್ದೇನೆ.

1. ಮೊದಲು ಹೆದರದೇ ಇರಲು ಪ್ರಯತ್ನಿಸಿ

ಸೆಟ್ಟಿನಲ್ಲಿ ದೆವ್ವ ಇರುವುದಿಲ್ಲ. ಲೈಟ್ ಸ್ಟ್ಯಾಂಡಿಗೆ ಅಂಟಿಸಿದ ಬಿಳಿ ಟೇಪಿನ ತುಂಡು ಇರುತ್ತದೆ, ಅದರ ಹಿಂದೆ ಟೀ ಕುಡಿಯುತ್ತಾ ನಿಂತ ಸಹಾಯಕ ನಿರ್ದೇಶಕ ಇರುತ್ತಾನೆ. ಹೊಸಬರು ಆ ಟೇಪು ಕಂಡೊಡನೆ ಕಣ್ಣು ಅಗಲಿಸಿ ಬಾಯಿ ತೆರೆಯುತ್ತಾರೆ. ನಿಜ ಜೀವನದಲ್ಲಿ ಹಾಗಾಗುವುದಿಲ್ಲ. ರಾತ್ರಿ ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ನಾವು ಮೊದಲು ‘ಬೆಕ್ಕಿರಬೇಕು’ ಅಂದುಕೊಳ್ಳುತ್ತೇವೆ. ಆಮೇಲೆ ಉಸಿರು ಬಿಗಿಹಿಡಿದು ಕೇಳುತ್ತೇವೆ. ಬೆಕ್ಕು ಕಾಲ ಬುಡದಲ್ಲೇ ಮಲಗಿದೆ ಎಂದು ಗೊತ್ತಾದ ಮೇಲಷ್ಟೇ ಮೈ ಜುಮ್ಮೆನ್ನುತ್ತದೆ. ಈ ಮೂರು ಮೆಟ್ಟಿಲುಗಳನ್ನು ಹತ್ತದೆ ಭಯಕ್ಕೆ ಹಾರಿದರೆ ಪ್ರೇಕ್ಷಕರು ನಿಮ್ಮ ಜೊತೆ ಬರುವುದಿಲ್ಲ.

ಹಾಗಾಗಿ ಪ್ರತಿ ದೃಶ್ಯದಲ್ಲೂ ನನ್ನ ಪಾತ್ರಕ್ಕೆ ಏನು ಬೇಕು ಎಂದು ನೋಡುತ್ತೇನೆ. ಮಗುವನ್ನು ಎತ್ತಿಕೊಂಡು ಹೊರಗೆ ಹೋಗಬೇಕೆ? ಗಂಡ ಹೇಳಿದ್ದು ಸುಳ್ಳು ಎಂದು ಸಾಬೀತು ಮಾಡಬೇಕೆ? ಆ ಬೇಕು ಗಟ್ಟಿಯಾಗಿದ್ದಷ್ಟೂ ಅದನ್ನು ತಡೆಯುವ ಭಯ ತೀವ್ರವಾಗುತ್ತದೆ. ‘ಆಪ್ತಮಿತ್ರ’ದಲ್ಲಿ ಸೌಂದರ್ಯ ಅವರ ನಾಗವಲ್ಲಿಯನ್ನು ಎಲ್ಲರೂ ನೆನೆಯುತ್ತಾರೆ. ನಾನು ಮತ್ತೆ ಮತ್ತೆ ನೋಡುವುದು ಮೊದಲರ್ಧದ ಗಂಗಾಳನ್ನು. ದೊಡ್ಡ ಮನೆಗೆ ಬಂದ ಕುತೂಹಲದ ಗೃಹಿಣಿಯನ್ನು ಅವರು ಅಷ್ಟು ಸಹಜವಾಗಿ ಕಟ್ಟಿದ್ದರಿಂದಲೇ ನಾಗವಲ್ಲಿ ಎದ್ದು ನಿಂತಾಗ ಎದೆ ನಡುಗುತ್ತದೆ. 2004ರಲ್ಲಿ ಚಿತ್ರ ಬಿಡುಗಡೆಯಾಗುವ ಮೊದಲೇ ಅವರು ತೀರಿಕೊಂಡರು. ಅವರಿಂದ ಕಲಿಯುವುದು ಇನ್ನೂ ಬೇಕಾದಷ್ಟಿದೆ.

2. ಸ್ಕ್ರಿಪ್ಟಿನ ಅಂಚಿನಲ್ಲಿ ಅಂಕಿ ಬರೆದಿಟ್ಟುಕೊಳ್ಳಿ

ಸಿನಿಮಾ ಕಥೆಯ ಕ್ರಮದಲ್ಲಿ ಚಿತ್ರೀಕರಣವಾಗುವುದಿಲ್ಲ. ಮಧ್ಯಾಹ್ನ ಕ್ಲೈಮ್ಯಾಕ್ಸ್, ಸಂಜೆ ಮೊದಲ ದೃಶ್ಯ. 1978ರ ‘ಹ್ಯಾಲೋವೀನ್’ ಸುಮಾರು 3 ಲಕ್ಷ ಡಾಲರಿನ ಸ್ವತಂತ್ರ ಚಿತ್ರ. ಜೇಮೀ ಲೀ ಕರ್ಟಿಸ್ ಅವರಿಗೆ ಅದು ಮೊದಲ ಸಿನಿಮಾ. ಯಾವ ದೃಶ್ಯದಲ್ಲಿ ಎಷ್ಟು ಹೆದರಬೇಕೆಂದು ತಿಳಿಸಲು ನಿರ್ದೇಶಕ ಜಾನ್ ಕಾರ್ಪೆಂಟರ್ ಆಕೆಗೊಂದು ಭಯದ ಅಳತೆಗೋಲನ್ನೇ ಮಾಡಿಕೊಟ್ಟಿದ್ದರು. ನಾನೂ ಪ್ರತಿ ದೃಶ್ಯದ ಪಕ್ಕ ಒಂದರಿಂದ ಹತ್ತರವರೆಗೆ ಅಂಕಿ ಹಾಕಿಕೊಳ್ಳುತ್ತೇನೆ. ಹತ್ತು ಒಂದೇ ಕಡೆ ಬರಬೇಕು. ಎರಡು ಕಡೆ ಬಂದರೆ ನಿರ್ದೇಶಕರ ಜೊತೆ ಕೂತು ಮಾತಾಡಿ.

3. ಗಂಟಲಿನಿಂದ ಕಿರುಚಬೇಡಿ

ಇದು ಎಲ್ಲಕ್ಕಿಂತ ಮುಖ್ಯವಾದ ಪಾಠ. ಕಿರುಚಾಟ ಎಂದರೆ ಧ್ವನಿ ತಂತುಗಳು ಒಂದಕ್ಕೊಂದು ಜೋರಾಗಿ ಬಡಿದುಕೊಳ್ಳುವುದು. ಕತ್ತಿನ ನರ ಉಬ್ಬಿಸಿ, ಗಂಟಲು ಬಿಗಿದು ಕಿರುಚಿದರೆ ಸಂಜೆಗೆ ದನಿ ಒಡೆಯುತ್ತದೆ. ಅದೇ ರೂಢಿಯಾದರೆ ತಂತುಗಳ ಮೇಲೆ ಗಂಟು ಏಳುತ್ತದೆ. ದನಿಯನ್ನೇ ನಂಬಿ ಬದುಕುವವರಿಗೆ ಅದರಷ್ಟು ದೊಡ್ಡ ನಷ್ಟ ಇನ್ನೊಂದಿಲ್ಲ.

ನನಗೆ ದಾರಿ ತೋರಿಸಿದ್ದು ಯಕ್ಷಗಾನ. ಬಣ್ಣದ ವೇಷದವರು ಆರ್ಭಟಿಸುವಾಗ ಅವರ ಕತ್ತನ್ನು ನೋಡಬೇಡಿ, ಹೊಟ್ಟೆ ಮತ್ತು ಪಕ್ಕೆಯನ್ನು ನೋಡಿ. ಉಸಿರು ಕೆಳಗಿನಿಂದ ಏಳುತ್ತದೆ, ಗಂಟಲು ಅದಕ್ಕೆ ಬರಿಯ ದಾರಿ. ಆ ಆರ್ಭಟ ಕೊಟ್ಟು ಮತ್ತೆ ಮಾತು, ಮತ್ತೆ ಕುಣಿತ, ಬೆಳಗಿನ ಜಾವದವರೆಗೂ ದನಿ ಉಳಿಸಿಕೊಳ್ಳುವ ವಿದ್ಯೆ ಅವರದು. ಚಿತ್ರೀಕರಣದ ದಿನ ಬೆಳಗ್ಗೆ ನಾನು ತುಟಿ ಅದುರಿಸುತ್ತಾ ಸ್ವರ ಏರಿಸಿ ಇಳಿಸುತ್ತೇನೆ, ಬಾಯಿ ಮುಚ್ಚಿ ಗುನುಗುತ್ತೇನೆ, ದವಡೆ ಸಡಿಲಿಸುತ್ತೇನೆ. ಬಿಸಿಯೂ ಅಲ್ಲದ, ತಣ್ಣಗೂ ಅಲ್ಲದ ನೀರನ್ನು ಆಗಾಗ ಗುಟುಕರಿಸುತ್ತೇನೆ.

ನಿರ್ದೇಶಕರಿಗೆ ಎರಡು ಮಾತು ಮೊದಲೇ ಹೇಳಿಬಿಡಿ. ಕಿರುಚುವ ದೃಶ್ಯಗಳು ದಿನದ ಕೊನೆಗಿರಲಿ. ದೂರದ ಶಾಟ್, ರಿಹರ್ಸಲ್‌ಗಳಲ್ಲಿ ದನಿಯಿಲ್ಲದೆ ಬಾಯಿ, ಮೈ ಮಾತ್ರ ಕಿರುಚುತ್ತದೆ. ನಮ್ಮಲ್ಲಿ ಹೇಗೂ ಡಬ್ಬಿಂಗ್ ಇದೆ. ಮೈಕಿನ ಮುಂದೆ ಎರಡು ಮೂರು ಒಳ್ಳೆಯ ಕಿರುಚು ಕೊಟ್ಟರೆ ಸಾಕು. ಅಲ್ಲಿಯೂ “ಅಕ್ಕಾ, ಇನ್ನೊಂದೇ ಒಂದು, ಸೇಫ್ಟಿಗೆ” ಅನ್ನುವ ಸೌಂಡ್ ಇಂಜಿನಿಯರ್ ಇರುತ್ತಾರೆ. “ನಾಳೆ ಬೆಳಗ್ಗೆ ಕೊಡ್ತೀನಿ ಅಣ್ಣ” ಅನ್ನಲು ಕಲಿಯಿರಿ.

ಇನ್ನೊಂದು ಮಾತು. ಕಿರುಚು ಒಂದೇ ಬಗೆಯದಲ್ಲ. ಬೆಚ್ಚಿದ್ದು ಒಳಗೆಳೆದ ಉಸಿರು. ಸಹಾಯಕ್ಕೆ ಕೂಗುವುದರಲ್ಲಿ ಒಂದು ಹೆಸರಿರುತ್ತದೆ. ನೋವಿನದು ನಡುವೆ ಮುರಿಯುತ್ತದೆ. ಸತ್ತವರನ್ನು ಕಂಡ ಕಿರುಚಿಗೆ ಬಹಳ ಸಲ ದನಿಯೇ ಹುಟ್ಟುವುದಿಲ್ಲ. ಯಾವುದು ಬೇಕೆಂದು ಮೊದಲು ಗೊತ್ತುಮಾಡಿಕೊಂಡರೆ ಟೇಕುಗಳ ಸಂಖ್ಯೆ ಅರ್ಧಕ್ಕಿಳಿಯುತ್ತದೆ.

4. ರಕ್ತ, ಲೆನ್ಸ್, ಸೀರೆ

1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ನಲ್ಲಿ ರಕ್ತವಾಗಿ ಬಳಸಿದ್ದು ಚಾಕೊಲೇಟ್ ಸಿರಪ್ಪು; ಕಪ್ಪು ಬಿಳುಪಾದ್ದರಿಂದ ನಡೆಯಿತು. ಇಂದಿಗೂ ಸಣ್ಣ ಸೆಟ್ಟಿನ ರಕ್ತ ಸಕ್ಕರೆ ಪಾಕ ಮತ್ತು ತಿನ್ನುವ ಬಣ್ಣವೇ. ಹಳೆ ಮನೆಯ ನೆಲದಲ್ಲಿ ಅದನ್ನು ಮೈಗೆ ಸವರಿಕೊಂಡು ಹೆಣವಾಗಿ ಮಲಗಿದರೆ ಇರುವೆ ಮುತ್ತುತ್ತವೆ. ಮಲಗುವ ಜಾಗದ ಸುತ್ತ ಮೊದಲೇ ಅರಿಶಿನ ಹಾಕಿಸಿ, ಶಾಟ್ ರೆಡಿಯಾದ ಮೇಲಷ್ಟೇ ಬಣ್ಣ ಸವರಲು ಹೇಳಿ, ತೊಳೆಯಲು ಬಿಸಿನೀರು ಬೇಕೆಂದು ಹಿಂದಿನ ದಿನವೇ ಮ್ಯಾನೇಜರಿಗೆ ತಿಳಿಸಿ.

ಬಿಳಿ ಕಣ್ಣಿನ ಲೆನ್ಸ್ ವಿಷಯದಲ್ಲಿ ನಾನು ಕಟ್ಟುನಿಟ್ಟು. ‘ಈವಿಲ್ ಡೆಡ್’ (1981) ಚಿತ್ರದ ನಟಿಯರು ಟೆನೆಸ್ಸಿಯ ಕಾಡಿನ ಮರದ ಮನೆಯಲ್ಲಿ, ಚಳಿಯಲ್ಲಿ, ದಪ್ಪ ಲೆನ್ಸ್ ಹಾಕಿಕೊಂಡು ಹೆಚ್ಚುಕಡಿಮೆ ಕುರುಡಾಗಿ ನಟಿಸಿದರು. ಒಂದು ಸಲಕ್ಕೆ ಸುಮಾರು 15 ನಿಮಿಷಕ್ಕಿಂತ ಹೆಚ್ಚು ಅದನ್ನು ಇಟ್ಟುಕೊಳ್ಳುವಂತಿರಲಿಲ್ಲ. ಇಂದು ಒಳ್ಳೆಯ ಲೆನ್ಸ್ ಸಿಗುತ್ತವೆ. ಕಣ್ಣಿನ ವೈದ್ಯರು ಅಳತೆ ನೋಡಿ ಒಪ್ಪಿದ್ದನ್ನು ಮಾತ್ರ ಹಾಕಿಕೊಳ್ಳಿ, ಇನ್ನೊಬ್ಬರು ಬಳಸಿದ್ದನ್ನು ಮುಟ್ಟಬೇಡಿ. ಲೆನ್ಸ್ ಇರುವಷ್ಟು ಹೊತ್ತೂ ಕೈಹಿಡಿದು ನಡೆಸಲು ಒಬ್ಬರು ಪಕ್ಕದಲ್ಲಿರಬೇಕು.

ದೀಪ, ಪಂಜು, ಹೋಮಕುಂಡ ಇರುವ ದೃಶ್ಯಕ್ಕೆ ಸಿಂಥೆಟಿಕ್ ಸೀರೆ ಉಡಬೇಡಿ. ಅದು ಕರಗಿ ಮೈಗೆ ಅಂಟುತ್ತದೆ. ದಪ್ಪ ಹತ್ತಿ ಸೀರೆ ಕೇಳಿ, ಸೆರಗು ಸಿಕ್ಕಿಸಿ, ಬಿಚ್ಚುಗೂದಲಿಗೆ ಫ್ಯಾನ್ ಗಾಳಿ ಯಾವ ಕಡೆಯಿಂದ ಬರುತ್ತದೆ ನೋಡಿಕೊಳ್ಳಿ.

ಚಾಕು, ಕತ್ತಿ ಕಂಡರೆ ಕೈಯಲ್ಲಿ ಹಿಡಿದು ಪರೀಕ್ಷಿಸಿ. 1974ರ ‘ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್’ನಲ್ಲಿ ನಕಲಿ ರಕ್ತದ ಕೊಳವೆ ಕೆಲಸ ಮಾಡದೆ ಮರ್ಲಿನ್ ಬರ್ನ್ಸ್ ಅವರ ಬೆರಳನ್ನು ನಿಜವಾಗಿಯೇ ಕೊಯ್ಯಲಾಯಿತು. ಊಟದ ಮೇಜಿನ ಆ ದೃಶ್ಯ ಟೆಕ್ಸಾಸಿನ ಬೇಸಿಗೆಯಲ್ಲಿ ಒಂದು ಹಗಲು ರಾತ್ರಿಗೂ ಹೆಚ್ಚು ಹೊತ್ತು ನಡೆದಿತ್ತು. ದಣಿದ ತಂಡಕ್ಕೆ ಅಪಾಯ ಕಾಣುವುದಿಲ್ಲ. ಅಭಿಮಾನಿಗಳು ಈ ಕಥೆಯನ್ನು ಸಾಹಸವೆಂದು ಹೇಳುತ್ತಾರೆ. ನನ್ನ ಪ್ರಕಾರ ಅದು ಆ ನಟಿಗೆ ಆದ ಅನ್ಯಾಯ.

5. ರಾತ್ರಿ ಕೆಲಸಕ್ಕೆ ಹಗಲು ನಿದ್ದೆ

ಕಾಲ್‌ಶೀಟ್ ಸಂಜೆ ಆರಕ್ಕಿದ್ದರೆ ಮಧ್ಯಾಹ್ನ ಮಲಗಿರಿ. ಪ್ಯಾಕಪ್ ಆದ ಮೇಲೆ ಮನೆಗೆ ಗಾಡಿ ಕಳಿಸುವುದು ನಿರ್ಮಾಪಕರ ಹೊಣೆ.

6. ಮುಚ್ಚಿದ ಸೆಟ್ ಕೇಳುವುದು ನಿಮ್ಮ ಹಕ್ಕು

ಹಾರರ್ ಕಥೆಗಳಲ್ಲಿ ಸ್ನಾನದ ದೃಶ್ಯ, ಹಾಸಿಗೆಯ ದೃಶ್ಯ, ಕೈಕಾಲು ಕಟ್ಟಿಹಾಕುವ ದೃಶ್ಯ ಬಂದೇ ಬರುತ್ತವೆ. ಆಗ ಕೆಲಸಕ್ಕೆ ಬೇಕಾದವರಷ್ಟೇ ಒಳಗಿರುವ ಮುಚ್ಚಿದ ಸೆಟ್ ಕೇಳಿ. ಏನು ಕಾಣುತ್ತದೆ, ಯಾರು ಮುಟ್ಟುತ್ತಾರೆ, ಎಲ್ಲಿ ಮುಟ್ಟುತ್ತಾರೆ, ಮಾನಿಟರ್ ಮುಂದೆ ಯಾರಿರುತ್ತಾರೆ ಎಂಬುದು ಬರಹದಲ್ಲಿರಲಿ. ಕಟ್ಟುವ ಹಗ್ಗಕ್ಕೆ ಎಳೆದರೆ ಬಿಚ್ಚುವ ಗಂಟಿರಲಿ. “ನಿಲ್ಲಿಸಿ” ಎಂಬುದು ಸಂಭಾಷಣೆಯಲ್ಲೇ ಬರುವುದರಿಂದ ನಿಜವಾಗಿ ನಿಲ್ಲಿಸಬೇಕಾದಾಗ ಹೇಳಲು ಬೇರೊಂದು ಪದ ಗೊತ್ತುಮಾಡಿಕೊಳ್ಳಿ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಜಾಗದಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಅದಕ್ಕಿಂತ ಸಣ್ಣ ತಂಡವಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ‘ಫ್ರೆಂಡ್ಸ್ ಸೇರಿ ಮಾಡ್ತಿರೋ ಸಿನಿಮಾ’ ಅನ್ನುವ ಕಡೆ ಇದನ್ನು ಇನ್ನೂ ಚೆನ್ನಾಗಿ ನೆನಪಿಟ್ಟುಕೊಳ್ಳಿ.

7. ಹೆಸರು, ದನಿ, ದುಡ್ಡು

‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ (1999) ಕಥೆಯನ್ನು ಈ ಹಾದಿಗೆ ಬರುವ ಪ್ರತಿ ಹುಡುಗಿಗೂ ಹೇಳುತ್ತೇನೆ. ಮೇರಿಲ್ಯಾಂಡಿನ ಕಾಡಿನಲ್ಲಿ ಹೆದರ್ ಡೊನಹ್ಯೂ ಮತ್ತು ಇಬ್ಬರು ಸಹನಟರು ತಮ್ಮ ನಿಜ ಹೆಸರಿನಲ್ಲೇ ನಟಿಸಿದರು, ಕ್ಯಾಮೆರಾವನ್ನೂ ತಾವೇ ಹಿಡಿದರು, ಮಾತುಗಳನ್ನು ಸ್ಥಳದಲ್ಲೇ ಕಟ್ಟಿದರು. ಪ್ರಚಾರಕ್ಕಾಗಿ ಮೂವರೂ ಕಾಣೆಯಾಗಿದ್ದಾರೆಂದು ಸುದ್ದಿ ಹಬ್ಬಿಸಲಾಯಿತು. ಹೆದರ್ ತಾಯಿಗೆ ಸಂತಾಪದ ಪತ್ರಗಳು ಬಂದವು. ಜಗತ್ತಿನಾದ್ಯಂತ ಸುಮಾರು 24 ಕೋಟಿ 80 ಲಕ್ಷ ಡಾಲರ್ ಗಳಿಸಿದ ಆ ಚಿತ್ರದ ನಟರು 2024ರಲ್ಲೂ ತಮಗೆ ನ್ಯಾಯವಾದ ಪಾಲು ಕೊಡಿ ಎಂದು ಬಹಿರಂಗ ಪತ್ರ ಬರೆಯಬೇಕಾಯಿತು. ಹೆದರ್ ನಟನೆ ಬಿಟ್ಟರು, ಕೊನೆಗೆ ಆ ಹೆಸರನ್ನೂ ಬಿಟ್ಟರು.

ಒಪ್ಪಂದ ಎರಡೇ ಪುಟವಿರಲಿ, ಆದರೆ ಇರಲಿ. ಸಂಭಾವನೆಯ ಮೊತ್ತ, ಕೊಡುವ ದಿನಾಂಕ, ಓಟಿಟಿ ಮತ್ತು ಬೇರೆ ಭಾಷೆಗಳ ಹಕ್ಕು ಮಾರಿದಾಗ ಪಾಲು, ಮುಂದಿನ ಭಾಗದಲ್ಲಿ ನಿಮ್ಮ ಹಳೆಯ ದೃಶ್ಯ ಬಳಸಿದರೆ ಕೊಡಬೇಕಾದದ್ದು, ಇವೆಲ್ಲ ಅದರಲ್ಲಿರಲಿ. ನಿಮ್ಮ ಮುಖವನ್ನಾಗಲಿ ದನಿಯನ್ನಾಗಲಿ ಯಂತ್ರದಿಂದ ಮರುಸೃಷ್ಟಿಸಲು ನಿಮ್ಮ ಒಪ್ಪಿಗೆ ಬೇಕೆಂಬ ಸಾಲನ್ನು ಈಗಿನ ದಿನಗಳಲ್ಲಿ ಸೇರಿಸಲೇಬೇಕು.

8. ‘ದೆವ್ವದ ಪಾತ್ರಕ್ಕೆ ಸರಿ’ ಎಂದರೆ ಬೇಜಾರಾಗಬೇಡಿ

ಈ ಪ್ರಕಾರವನ್ನು ಕೀಳಾಗಿ ನೋಡುವವರು ಇನ್ನೂ ಇದ್ದಾರೆ. ‘ಆಪ್ತಮಿತ್ರ’ದ ಮೂಲವಾದ ಮಲಯಾಳಂನ ‘ಮಣಿಚಿತ್ರತಾಳು’ (1993) ಶೋಭನಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತು. ‘ಹ್ಯಾಲೋವೀನ್’ ಹುಡುಗಿ 2023ರಲ್ಲಿ ಆಸ್ಕರ್ ಎತ್ತಿಹಿಡಿದರು. ಮಿಯಾ ಗೋಥ್ ‘ಪರ್ಲ್’ (2022) ಚಿತ್ರದಲ್ಲಿ ನಟಿಸಿದ್ದಲ್ಲದೆ ನಿರ್ದೇಶಕರ ಜೊತೆ ಕೂತು ಅದನ್ನು ಬರೆದರು ಕೂಡ. ನಮ್ಮ ಹುಡುಗಿಯರೂ ಬರೆಯಲಿ ಎಂಬುದು ನನ್ನ ಆಸೆ. ಅಜ್ಜಿಯರು ಹೇಳಿದ ಮೋಹಿನಿ ಕಥೆಗಳನ್ನು ಹೆಣ್ಣಿನ ಕಡೆಯಿಂದ ಹೇಳಿದವರು ನಮ್ಮಲ್ಲಿ ಬಹಳ ಕಡಿಮೆ.

ಶೋಭನಾ ಅವರ ನಾಗವಲ್ಲಿಯ ತಮಿಳು ದನಿ ದುರ್ಗಾ ಎಂಬ ಕಂಠದಾನ ಕಲಾವಿದೆಯದು. ಆ ಮಾತು ಪ್ರೇಕ್ಷಕರಿಗೆ ತಿಳಿಯಲು ಬಹಳ ವರ್ಷ ಹಿಡಿಯಿತು. ಹಾರರ್ ಚಿತ್ರ ಮಾಡಲು ಹೊರಟ ಹೊಸ ನಿರ್ದೇಶಕರಲ್ಲಿ ನನ್ನ ಕೋರಿಕೆ ಇಷ್ಟೇ: ಪೋಸ್ಟರಿನಲ್ಲಿ ನಟಿಯ ಮುಖ ಹಾಕಿದರೆ ಅವಳ ಹೆಸರನ್ನೂ ಹಾಕಿ, ಕಿರುಚಿದ ದನಿ ಬೇರೆಯವರದಾದರೆ ಅವರ ಹೆಸರನ್ನೂ ಹಾಕಿ.