ಅರವತ್ತು ಜನರ ತರಗತಿಯಲ್ಲಿ ನನ್ನ ಒಂದು ನಿಮಿಷ



ತರಗತಿಯಲ್ಲಿ ಅರವತ್ತು ಜನರಿದ್ದು, ಪಿರಿಯಡ್ ಒಂದು ಗಂಟೆಯದ್ದಾದರೆ ಒಬ್ಬೊಬ್ಬರ ಪಾಲಿಗೆ ಬರುವುದು ಒಂದೇ ನಿಮಿಷ. ಹಾಜರಿ, ಪಾಠ, ಬೋರ್ಡಿನ ಮೇಲಿನ ಲೆಕ್ಕ ಕಳೆದರೆ ಅದೂ ಉಳಿಯದು. ಉರ್ದು ಅಥವಾ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಈಗ ಇಂಗ್ಲಿಷಿನಲ್ಲಿ ಭೌತಶಾಸ್ತ್ರ ಓದುವವರು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತುಬಿಡುತ್ತಾರೆ. ಹಣವಿದ್ದವರು ಸಂಜೆ ಟ್ಯೂಷನ್‌ಗೆ ಹೋಗುತ್ತಾರೆ. ಉಳಿದವರು? ತರಗತಿ ಚಿಕ್ಕದಾದರೆ ಎಲ್ಲರ ಅಂಕ ಹೆಚ್ಚುತ್ತದೆಯೇ?

ಶಿಕ್ಷಣ ಹಕ್ಕು ಕಾಯ್ದೆ (2009) ಐದನೇ ತರಗತಿಯವರೆಗೆ 30 ಮಕ್ಕಳಿಗೆ ಒಬ್ಬರು, ಆರರಿಂದ ಎಂಟರವರೆಗೆ 35 ಮಕ್ಕಳಿಗೆ ಒಬ್ಬರು ಶಿಕ್ಷಕರಿರಬೇಕು ಎನ್ನುತ್ತದೆ. ಪಿಯುಸಿ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ.

ಅಮೆರಿಕದ ಟೆನೆಸ್ಸಿಯಲ್ಲಿ 1985ರಲ್ಲಿ ಆರಂಭವಾದ ‘ಸ್ಟಾರ್’ ಪ್ರಯೋಗದಲ್ಲಿ ಮಕ್ಕಳನ್ನು ಚೀಟಿ ಎತ್ತಿದಂತೆ 13–17 ಮತ್ತು 22–25 ಜನರ ತರಗತಿಗಳಿಗೆ ಹಂಚಿದರು. ಚಿಕ್ಕ ತರಗತಿಯವರು ಓದು, ಗಣಿತ ಎರಡರಲ್ಲೂ ಮುಂದೆ ಬಂದರು. ಆದರೆ ಅವರು ಮೂರನೇ ತರಗತಿಯೊಳಗಿನ ಪುಟ್ಟ ಮಕ್ಕಳು.

ನಮ್ಮ ದೇಶದ ಮುಂಬೈ ಮತ್ತು ವಡೋದರದಲ್ಲಿ ಕಂಡದ್ದು ಬೇರೆ. ಹಿಂದುಳಿದ 15–20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಹೊರಗೆ ಕೂರಿಸಿ, ‘ಬಾಲಸಖಿ’ ಎಂಬ ಸ್ಥಳೀಯ ಯುವತಿಯರು ಮೂಲಪಾಠ ಹೇಳಿಕೊಟ್ಟರು. ಆ ಮಕ್ಕಳ ಅಂಕ ಏರಿತು. ತರಗತಿಯಲ್ಲೇ ಉಳಿದವರಿಗೆ ಜನಸಂದಣಿ ಕಡಿಮೆಯಾದರೂ ಹೇಳುವಂಥ ಲಾಭವಾಗಲಿಲ್ಲ. ಅವರ ಪಾಠದ ರೀತಿ ಬದಲಾಗಿರಲಿಲ್ಲ.

ಕರ್ನಾಟಕಕ್ಕೆ ಇದು ಹೊಸತಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ‘ನಲಿ-ಕಲಿ’ಯಲ್ಲಿ ಮಕ್ಕಳು ಗುಂಪುಗಳಲ್ಲಿ ಕುಳಿತು, ಕಾರ್ಡುಗಳ ನೆರವಿನಿಂದ ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ.

ಇದರಿಂದ ತಿಳಿಯುವುದಿಷ್ಟು: ತಲೆ ಎಣಿಕೆ ಇಳಿದರಷ್ಟೇ ಸಾಲದು, ನಮಗೆ ಎಲ್ಲಿ ಅರ್ಥವಾಗಿಲ್ಲವೋ ಅಲ್ಲಿಂದಲೇ ಪಾಠ ಶುರುವಾಗಬೇಕು. ಹೆಚ್ಚು ಉಪನ್ಯಾಸಕರು ಬೇಕೆಂದು ಕೇಳುವುದು ನ್ಯಾಯವೇ. ಆದರೆ ಅಲ್ಲಿಯವರೆಗೆ ಕಾಯಬೇಕಿಲ್ಲ. ಐದೈದು ಜನರ ಗುಂಪು ಮಾಡಿಕೊಳ್ಳೋಣ. ವಾರಕ್ಕೆ ಮೂರು ದಿನ, ಅರ್ಧ ಗಂಟೆ ಕುಳಿತು, ಪ್ರತಿಯೊಬ್ಬರೂ ಅರ್ಥವಾಗದ ಒಂದು ಪ್ರಶ್ನೆ ಬರೆದು ತರಲಿ. ತಿಳಿದವರು ಕನ್ನಡದಲ್ಲೋ ಉರ್ದುವಿನಲ್ಲೋ ವಿವರಿಸಲಿ. ಹೇಳಿಕೊಡುವವರಿಗೂ ಪಾಠ ಗಟ್ಟಿಯಾಗುತ್ತದೆ. ಯಾರಿಗೂ ಬಾರದ್ದನ್ನು ಉಪನ್ಯಾಸಕರ ಮೇಜಿನ ಮೇಲಿಡೋಣ.

ಅರವತ್ತು ಜನರ ಮುಂದೆ ಕೈ ಎತ್ತಲು ಹೆದರುವ ಗೆಳೆಯ, ಗೆಳತಿ ಐವರ ನಡುವೆ ಖಂಡಿತ ಬಾಯಿ ಬಿಡುತ್ತಾರೆ.