ಮದುವೆ ಫೋಟೊಗೆ ಎಷ್ಟು ಹೇಳಬೇಕು?

ಛತ್ರದ ಅಡುಗೆಯವರಿಗೆ ಎಲೆಗೆ ಇಷ್ಟು ಎಂಬ ಲೆಕ್ಕವಿದೆ. ಹೂವಿನವರಿಗೆ ಮಾರಿಗೆ ಇಷ್ಟು. ಫೋಟೊಗ್ರಾಫರ್ ಮಾತ್ರ ಎದುರು ಕೂತವರ ಕೊರಳ ಸರ ನೋಡಿ, ಪಕ್ಕದ ಸ್ಟುಡಿಯೊದವನು ಎಷ್ಟು ಹೇಳಿರಬಹುದೆಂದು ಊಹಿಸಿ, ಬಾಯಿಗೆ ಬಂದ ಒಂದು ಸಂಖ್ಯೆ ಹೇಳುತ್ತಾನೆ. ನಾನೂ ಹಾಗೇ ಶುರು ಮಾಡಿದವನು. ಮೊದಲ ಮದುವೆ ಆರ್ಡರನ್ನು ಆಲ್ಬಮ್ ಸೇರಿಸಿ ಎಂಟು ಸಾವಿರಕ್ಕೆ ಒಪ್ಪಿಕೊಂಡಿದ್ದೆ. ಲ್ಯಾಬ್ ಬಿಲ್ಲು, ಲೈಟ್ ಹಿಡಿದ ಹುಡುಗನ ಕೂಲಿ, ಬಸ್ ಚಾರ್ಜು ಎಲ್ಲ ಕಳೆದ ಮೇಲೆ ಉಳಿದದ್ದು ಮುಯ್ಯಿ ಕವರಿಗೆ ಹಾಕುವಷ್ಟು.

ಮೊದಲು ದಿನ ಎಣಿಸಿ

ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಕೂರಿ. ಆಷಾಢಕ್ಕೆ ಗೀಟು ಎಳೆಯಿರಿ. ಪಿತೃಪಕ್ಷಕ್ಕೆ, ಧನುರ್ಮಾಸಕ್ಕೆ ಎಳೆಯಿರಿ. ಗುರು, ಶುಕ್ರರ ಮೌಢ್ಯ ಬಿದ್ದಿದ್ದರೆ ಅದಕ್ಕೂ. ಉಳಿದದ್ದರಲ್ಲಿ ಒಳ್ಳೆಯ ಮುಹೂರ್ತಗಳು ಕೆಲವೇ ದಿನಗಳಲ್ಲಿ ಗುಂಪುಗುಂಪಾಗಿ ಬರುತ್ತವೆ. ಒಂದೇ ಭಾನುವಾರಕ್ಕೆ ನಾಲ್ಕು ಮನೆಯವರು ಫೋನ್ ಮಾಡುತ್ತಾರೆ. ಹೋಗಲಾಗುವುದು ಒಂದು ಮನೆಗೆ. ಕಳೆದೆರಡು ವರ್ಷದ ಆರ್ಡರ್ ಪುಸ್ತಕ ತೆಗೆದು ಪ್ರಾಮಾಣಿಕವಾಗಿ ಎಣಿಸಿದರೆ ತಾಲ್ಲೂಕು ಕೇಂದ್ರದ ಸ್ಟುಡಿಯೊಗೆ ವರ್ಷಕ್ಕೆ ನಲವತ್ತು ದಿನ ಸಿಕ್ಕರೆ ಪುಣ್ಯ. ನಾವು ಮಾರುವ ಸರಕು ತಾರೀಖು. ಮಾರಾಟವಾಗದೆ ಉಳಿದದ್ದನ್ನು ನಾಳೆಗೆ ಎತ್ತಿಡಲು ಬರುವುದಿಲ್ಲ.

ಆ ನಲವತ್ತು ದಿನ ಇಡೀ ವರ್ಷವನ್ನು ಹೊರಬೇಕು

ಲೆಕ್ಕಕ್ಕೆಂದು ಕೆಲವು ಅಂಕಿ ಇಟ್ಟುಕೊಳ್ಳೋಣ, ನಿಮ್ಮವನ್ನು ನೀವು ಹಾಕಿಕೊಳ್ಳಿ. ಮನೆ ನಡೆಸಲು ತಿಂಗಳಿಗೆ 30,000 ಎಂದರೆ ವರ್ಷಕ್ಕೆ 3,60,000. ಅಂಗಡಿ ಬಾಡಿಗೆ, ಕರೆಂಟು, ಇಂಟರ್ನೆಟ್ಟಿಗೆ 1,20,000. ರಿಪೇರಿ, ಪೆಟ್ರೋಲು, ಹಾರ್ಡ್ ಡಿಸ್ಕು, ಸಾಫ್ಟ್‌ವೇರ್ ಚಂದಾ, ವಿಮೆಗೆ 80,000. ಕಷ್ಟಕಾಲಕ್ಕೆ ಎತ್ತಿಡಲು 60,000.

ಇನ್ನು ಕ್ಯಾಮೆರಾ. ಸಾಲದ ಕಂತು ಮುಗಿಯಿತು, ಇನ್ನು ಬಂದದ್ದೆಲ್ಲ ಲಾಭ ಎಂದುಕೊಂಡೇ ನಮ್ಮಲ್ಲಿ ಹೆಚ್ಚಿನವರು ಸೋಲುವುದು. ಶಟರ್‌ಗೆ ಆಯಸ್ಸಿದೆ. ಮದುವೆ ಕೆಲಸಕ್ಕೆ ಬಳಸುವ ಹಲವು ಬಾಡಿಗಳಿಗೆ ಕಂಪನಿಗಳೇ ಹೇಳುವ ಲೆಕ್ಕ ಒಂದೂವರೆಯಿಂದ ಎರಡು ಲಕ್ಷ ಕ್ಲಿಕ್ಕು. ಆರತಕ್ಷತೆ, ಧಾರೆ ಸೇರಿದ ಎರಡು ದಿನದ ಮದುವೆಗೆ 4,000 ಕ್ಲಿಕ್ಕಾದರೆ ಇಪ್ಪತ್ತು ಮದುವೆಗೆ 80,000. ಎರಡು ಬಾಡಿಗೆ ಹಂಚಿದರೂ ನಾಲ್ಕೈದು ವರ್ಷಕ್ಕೆ ಸವೆದುಹೋಗುತ್ತವೆ. ಬಾಡಿ, ಲೆನ್ಸು, ಫ್ಲ್ಯಾಶು, ಕಂಪ್ಯೂಟರ್ ಸೇರಿ 5 ಲಕ್ಷ ಎಂದರೆ ವರ್ಷಕ್ಕೆ 1 ಲಕ್ಷ ಬದಿಗಿಡಲೇಬೇಕು.

ಒಟ್ಟು 7,20,000. ಪಾಸ್‌ಪೋರ್ಟ್ ಫೋಟೊ, ಲ್ಯಾಮಿನೇಶನ್ನಿನ ಕೌಂಟರ್‌ನಿಂದ ಖರ್ಚು ಕಳೆದು 1,20,000 ಬರುತ್ತದೆ ಎನ್ನಿ. ಉಳಿದ 6 ಲಕ್ಷವನ್ನು 40ರಿಂದ ಭಾಗಿಸಿ. ದಿನಕ್ಕೆ 15,000. ಇದು ನೀವು ಕ್ಯಾಮೆರಾ ಹೆಗಲಿಗೇರಿಸಿ ಹೊರಡುವ ದರ. ‘ಒಂದು ದಿನಕ್ಕೆ ಇಷ್ಟಾ?’ ಎಂದು ನಿಮಗೇ ಅನ್ನಿಸಿದರೆ, ಆ ಮದುವೆಯ ನಾಲ್ಕು ಸಾವಿರ ಫೋಟೊಗಳಲ್ಲಿ ಕಣ್ಣು ಮುಚ್ಚಿದವರನ್ನು ತೆಗೆದುಹಾಕುತ್ತ ಕಂಪ್ಯೂಟರ್ ಮುಂದೆ ಕೂತ ರಾತ್ರಿಗಳನ್ನು ನೆನಪಿಸಿಕೊಳ್ಳಿ.

ಈಗ ಆರ್ಡರಿನ ಲೆಕ್ಕ

ಎರಡು ದಿನದ ಮದುವೆಗೆ ನಿಮ್ಮದು 30,000. ವಿಡಿಯೊದವರಿಗೆ ದಿನಕ್ಕೆ 6,000ದಂತೆ 12,000. ಲೈಟ್ ಹುಡುಗನಿಗೆ 3,000. ನಲವತ್ತು ಶೀಟಿನ ಆಲ್ಬಮ್ಮಿಗೆ 12,000. ವಿಡಿಯೊ ಎಡಿಟಿಂಗಿಗೆ 5,000. ಓಡಾಟ, ಪೆನ್ ಡ್ರೈವ್‌ಗೆ 3,000. ಎಲ್ಲ ಸೇರಿ 65,000. ಅದರ ಮೇಲೆ ಶೇಕಡ ಹತ್ತು ಸೇರಿಸಿ 72,000 ಹೇಳಿ. ಡ್ರೋನ್ ಬೇಕೆಂದರೆ ಅದು ಬೇರೆ ಸಾಲು. 250 ಗ್ರಾಂ ಮೀರಿದ ಡ್ರೋನನ್ನು ದುಡಿಮೆಗೆ ಹಾರಿಸುವವರ ಬಳಿ ಪೈಲಟ್ ಪ್ರಮಾಣಪತ್ರ ಇರಬೇಕು ಎನ್ನುತ್ತವೆ 2021ರ ಡ್ರೋನ್ ನಿಯಮಗಳು. ಅದಿಲ್ಲದವರನ್ನು ಅಗ್ಗವೆಂದು ಕರೆತರಬೇಡಿ.

ಚೌಕಾಶಿ

‘ನಮ್ಮೂರ ಹುಡುಗ ಐವತ್ತಕ್ಕೇ ಮಾಡ್ಕೊಡ್ತಾನಂತಲ್ಲ ಸ್ವಾಮಿ’ ಎಂದೇ ಎಂದಾರು. ಅವನನ್ನು ಬೈಯಬೇಡಿ, ಐವತ್ತಕ್ಕೂ ಇಳಿಯಬೇಡಿ. ಹಣ ಕಡಿಮೆಯಾದರೆ ಸಾಮಾನೂ ಕಡಿಮೆಯಾಗಬೇಕು. ನಾನು ಹೇಳುವುದು ಹೀಗೆ: ‘ಆಲ್ಬಮ್ ಇಪ್ಪತ್ತೈದು ಶೀಟಿಗೆ ಇಳಿಸೋಣ ಯಜಮಾನ್ರೇ, ನಾಲ್ಕು ಸಾವಿರ ಉಳಿಯುತ್ತೆ. ಆರತಕ್ಷತೆಗೆ ವಿಡಿಯೊ ಬಿಡೋಣ, ಇನ್ನಾರು. ಅರವತ್ತೆರಡಕ್ಕೆ ಬರುತ್ತೆ.’ ಹತ್ತರಲ್ಲಿ ಏಳು ಸಲ ಯಜಮಾನರು ಸುಮ್ಮನಿದ್ದು ಯಜಮಾನಿಯ ಮುಖ ನೋಡುತ್ತಾರೆ. ಅವರು ‘ವಿಡಿಯೊ ಇರ್ಲಿ ಬಿಡಿ’ ಎನ್ನುತ್ತಾರೆ. ಕಾರಣ ಹೇಳದೆ ಒಮ್ಮೆಲೇ ಹತ್ತು ಸಾವಿರ ಇಳಿಸಿದರೆ, ಮೊದಲು ಹೇಳಿದ್ದು ಸುಳ್ಳು ದರ ಎಂದಾಯಿತು. ಆ ಮಾತು ಅವರ ನೆಂಟರ ಮನೆಗೆಲ್ಲ ನಿಮಗಿಂತ ಮೊದಲು ತಲುಪುತ್ತದೆ.

ಹಣ ಬರುವ ದಾರಿ

ನನ್ನ ಕಪಾಟಿನ ಮೇಲಿನ ಅರೆಯಲ್ಲಿ ಇವತ್ತಿಗೂ ಮೂರು ಆಲ್ಬಮ್‌ಗಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಂತೆಯೇ ಇವೆ. ಒಂದರ ಮದುಮಗ, ಮಗಳ ನಾಮಕರಣದ ಫೋಟೊಗೆ ಕರೆಯಲು ಬಂದಿದ್ದ! ನಮ್ಮ ತಿಪಟೂರು ಸೀಮೆಯಲ್ಲಿ ‘ಕೊಬ್ಬರಿ ಹಾಕಿದ ತಕ್ಷಣ ಕೊಡ್ತೀವಿ’ ಎನ್ನುವವರು ಮೋಸಗಾರರಲ್ಲ, ರೇಟಿಗೆ ಕಾಯುತ್ತಿರುತ್ತಾರೆ ಅಷ್ಟೆ. ಆದರೆ ಲ್ಯಾಬಿನವರು ಕಾಯುವುದಿಲ್ಲವಲ್ಲ. ಈಗ ನನ್ನ ಪದ್ಧತಿ ಇದು: ತಾರೀಖು ಹಿಡಿಯುವಾಗ ಮೂರನೇ ಒಂದು ಭಾಗ, ಆರತಕ್ಷತೆಯ ಸಂಜೆಯೊಳಗೆ ಇನ್ನೊಂದು, ಫೋಟೊ ಆರಿಸಿಕೊಟ್ಟ ದಿನ ಕೊನೆಯದು. ಅದು ಕೈಗೆ ಬರದೆ ಆಲ್ಬಮ್ ಪ್ರಿಂಟಿಗೆ ಹೋಗುವುದಿಲ್ಲ. ಮದುವೆ ಮುಂದಕ್ಕೆ ಹೋದರೆ ಅಡ್ವಾನ್ಸ್ ಏನಾಗುತ್ತದೆ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದು ಸಹಿ ಮಾಡಿಸಿಕೊಳ್ಳಿ.

ಕಾನೂನು, ತೆರಿಗೆ

1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ಒಬ್ಬರು ಹಣ ಕೊಟ್ಟು ತೆಗೆಸಿಕೊಂಡ ಫೋಟೊದ ಮೊದಲ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿಕೊಂಡವರದೇ. ಮದುವಣಗಿತ್ತಿಯ ಚಿತ್ರವನ್ನು ನಿಮ್ಮ ಇನ್‌ಸ್ಟಾಗ್ರಾಮಿಗೆ ಹಾಕಲೂ ಒಪ್ಪಿಗೆ ಬೇಕು. ಸೀರೆ ಅಂಗಡಿಯವರು ಜಾಹೀರಾತಿಗೆ ಕರೆದರೆ, ಅಂಗಡಿ ಗೋಡೆಗೆ ಒಂದು ದರ, ರಾಜ್ಯವಿಡೀ ಹಾಕುವ ಹೋರ್ಡಿಂಗಿಗೆ ಇನ್ನೊಂದು ಎಂದು ಮೊದಲೇ ಬರೆಸಿಕೊಳ್ಳಿ.

ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ, ಫೋಟೊಗ್ರಫಿ ಸೇವೆಗೆ ಶೇ 18. ವಹಿವಾಟೆಂದರೆ ಲಾಭವಲ್ಲ, ವಿಡಿಯೊದವರಿಗೆ ನಿಮ್ಮ ಕೈಯಿಂದ ಹೋಗುವ ಹಣವೂ ಅದರಲ್ಲಿ ಸೇರುತ್ತದೆ. 72,000ದ ಮದುವೆ 28 ಆದರೆ ಗಡಿ ದಾಟಿದಂತೆ. 2025ರಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದದ್ದು ಎಲ್ಲರಿಗೂ ನೆನಪಿದೆ. ದಾಟುವ ಸೂಚನೆ ಇದ್ದರೆ ದರ ಹೇಳುವಾಗಲೇ ‘ತೆರಿಗೆ ಬೇರೆ’ ಎನ್ನಿ. ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಇಷ್ಟನ್ನೂ ವರ್ಷಕ್ಕೊಮ್ಮೆ ಹೊಸದಾಗಿ ಕೂಡಿಸಬೇಕು. ನಾನು ಆಷಾಢದಲ್ಲಿ ಕೂರುತ್ತೇನೆ, ಹೇಗೂ ಫೋನ್ ಬರುವುದಿಲ್ಲ. ಅಡ್ವಾನ್ಸ್ ಕೊಟ್ಟವರಿಗೆ ಹಳೆಯ ದರವೇ. ಶ್ರಾವಣದ ಮೊದಲ ಫೋನಿಗೆ ಹೊಸದು.