ಸ್ಪರ್ಶವೂ ಚಿತ್ರವೂ: ಮೊಬೈಲ್ ಆಟದ ಒಂದು ಪಾಠ

ಮೊಬೈಲ್ ಆಟದ ಪರದೆಯ ಮೇಲೆ ಬೇರೆಬೇರೆಯಾಗಿ ಚಲಿಸುವ ಒಂದೊಂದು ಚಿತ್ರಕ್ಕೂ ಸ್ಪ್ರೈಟ್ ಎಂದು ಹೆಸರು. ಅದನ್ನು ಬೆರಳಿನಿಂದ ಮುಟ್ಟಿದೊಡನೆ ಚಿತ್ರವು ತಾನಾಗಿಯೇ ಅರಿತು ಚಲಿಸುತ್ತದೆಂದು ನೋಡುವವರಿಗೆ ತೋರುವುದು ಸಹಜ. ಆದರೆ ಪರದೆಗೆ ಚಿತ್ರವೆಂಬುದೇ ಗೊತ್ತಿಲ್ಲ. ಬೆರಳು ಎಲ್ಲಿ, ಯಾವಾಗ ತಾಗಿತೆಂಬುದನ್ನು ಮಾತ್ರ ಅದು ತಿಳಿಸುತ್ತದೆ. ಯಾವ ಚಿತ್ರವು ಮುಟ್ಟಲ್ಪಟ್ಟಿತೆಂದು ನಿರ್ಣಯಿಸುವ ಹೊಣೆಯು ಪ್ರೋಗ್ರಾಮನ್ನು ಬರೆಯುವವರದು. ಆ ಹೊಣೆಯನ್ನು ನೆರವೇರಿಸುವ ಬಗೆಯನ್ನು ನಾವು ಈ ಪಾಠದಲ್ಲಿ ವಿಚಾರಿಸುವೆವು.

ಉದಾಹರಣೆಗೆ ನಮ್ಮ ಸೀಮೆಯ ವಸ್ತುವನ್ನೇ ತೆಗೆದುಕೊಳ್ಳೋಣ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಲಾಗಿ, ತುಮರಿ ಸುತ್ತಿನ ಊರುಗಳಿಂದ ಸಾಗರಕ್ಕೆ ಹೋಗುವ ಹತ್ತಿರದ ದಾರಿಯು ಮುಳುಗಿತು. ಅನಂತರ ದಶಕಗಳ ಕಾಲ ಜನರೂ ಜೀಪುಗಳೂ ಲಾಂಚನ್ನೇರಿ ನೀರನ್ನು ದಾಟಬೇಕಾಯಿತು. 2025ನೆಯ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯು ಉದ್ಘಾಟನೆಯಾಯಿತು. ಇನ್ನು ಮುಂದಿನ ಮಕ್ಕಳಿಗೆ ಲಾಂಚಿಗಾಗಿ ದಡದಲ್ಲಿ ಕಾದ ದಿನಗಳು ಹಿರಿಯರ ಬಾಯಿಂದ ಕೇಳುವ ಮಾತಾಗುವುವು. ಅವರು ಅದನ್ನು ಸ್ವಲ್ಪವಾದರೂ ಅನುಭವಿಸಲೆಂದು, ದಡದ ಜೀಪನ್ನು ಬೆರಳಿನಿಂದ ಎಳೆದು ಲಾಂಚಿಗೆ ಏರಿಸುವ ಒಂದು ಚಿಕ್ಕ ಆಟವನ್ನು ರಚಿಸುವೆವೆಂದು ಎಣಿಸಿರಿ.

ಮೊದಲು ಎಣಿಕೆಯ ಮೂಲೆಯನ್ನು ಗೊತ್ತುಮಾಡತಕ್ಕದ್ದು. ಆಂಡ್ರಾಯ್ಡ್ ಫೋನು ಸ್ಪರ್ಶದ ಸ್ಥಳವನ್ನು ಎಡಮೇಲಿನ ಮೂಲೆಯಿಂದ ಎಣಿಸುತ್ತದೆ. ಲಿಬ್‌ಜಿಡಿಎಕ್ಸ್ ಮೊದಲಾದ ಆಟದ ಸಾಧನಗಳಲ್ಲಿ ಚಿತ್ರದ ಸ್ಥಳವನ್ನು ರೂಢಿಯಾಗಿ ಎಡಕೆಳಗಿನ ಮೂಲೆಯಿಂದ ಎಣಿಸುತ್ತಾರೆ. ಪರದೆಯ ಎತ್ತರ 720 ಇದ್ದು, ಎರಡರ ಅಳತೆಯೂ ಒಂದೇ ಆಗಿರುವಲ್ಲಿ, ಮೇಲಿನಿಂದ 570ರಲ್ಲಿ ಆದ ಸ್ಪರ್ಶವು ಕೆಳಗಿನಿಂದ 150ರಲ್ಲಿ ಆದಂತಾಯಿತು. ಈ ಕಳೆಯುವ ಲೆಕ್ಕವನ್ನು ಬಿಟ್ಟರೆ ನೀರನ್ನು ಮುಟ್ಟಿದಾಗ ಆಕಾಶದ ಮೋಡವು ಚಲಿಸೀತು.

ಎರಡನೆಯದಾಗಿ, ಸ್ಪರ್ಶದ ಬಿಂದುವು ಚಿತ್ರದ ಆಯತದೊಳಗೆ ಇದೆಯೋ ಎಂದು ನೋಡಬೇಕು. ಲಾಂಚು ಅಡ್ಡಲಾಗಿ 200ರಿಂದ 500ರ ವರೆಗೂ, ಮೇಲ್ಮುಖವಾಗಿ 100ರಿಂದ 220ರ ವರೆಗೂ ಇರಲಿ. ಬೆರಳು ತಾಗಿದ್ದು ಅಡ್ಡಲಾಗಿ 350, ಮೇಲ್ಮುಖವಾಗಿ 150. ಎರಡೂ ಎಲ್ಲೆಯೊಳಗಿವೆ, ಆದುದರಿಂದ ಲಾಂಚು ಮುಟ್ಟಲ್ಪಟ್ಟಿದೆ. ಆದರೆ ಅದೇ ಬಿಂದುವಿನಲ್ಲಿ ಲಾಂಚಿನ ಮೇಲೆ ಒಂದು ಜೀಪು ನಿಂತಿದ್ದರೆ ಉತ್ತರ ಕೊಡಬೇಕಾದವರು ಯಾರು? ಕಣ್ಣಿಗೆ ಮೇಲೆ ಕಾಣುವ ಜೀಪೇ. ಚಿತ್ರಗಳನ್ನು ಬರೆಯುವಾಗ ನೀರು, ಲಾಂಚು, ಜೀಪು ಎಂಬ ಕ್ರಮವಿದ್ದರೆ, ಸ್ಪರ್ಶವನ್ನು ವಿಚಾರಿಸುವಾಗ ಜೀಪು, ಲಾಂಚು, ನೀರು ಎಂದು ಹಿಂದುಮುಂದಾಗಿ ಹೋಗಿ, ಮೊದಲು ಸಿಕ್ಕಿದ್ದರಲ್ಲಿ ನಿಲ್ಲತಕ್ಕದ್ದು.

ಮೂರನೆಯದು ಎಳೆಯುವ ಕ್ರಮ. ಸ್ಪರ್ಶಕ್ಕೆ ಆರಂಭ, ಚಲನೆ, ಮುಕ್ತಾಯ ಎಂಬ ಅವಸ್ಥೆಗಳುಂಟು. ಜೀಪಿನ ಎಡಕೆಳಗಿನ ಮೂಲೆ 300, 140ರಲ್ಲಿದ್ದು ಬೆರಳು 350, 150ರಲ್ಲಿ ತಾಗಿದರೆ, ಅವುಗಳ ಅಂತರ 50 ಮತ್ತು 10. ಈ ಅಂತರವನ್ನು ಆರಂಭದಲ್ಲಿಯೇ ನೆನಪಿನಲ್ಲಿಡಬೇಕು. ಬೆರಳು 400, 170ಕ್ಕೆ ಸರಿದಾಗ ಮೂಲೆಯು 350, 160ಕ್ಕೆ ಬರುವುದು. ಅಂತರವನ್ನು ಮರೆತರೆ, ಬೆರಳು ಕದಲಿದ ಕ್ಷಣವೇ ಜೀಪು ಕುಪ್ಪಳಿಸುವುದು.

ಇನ್ನೊಂದು ಅವಸ್ಥೆಯಿದೆ; ಅದಕ್ಕೆ ರದ್ದತಿ ಎನ್ನಬಹುದು. ಎಳೆಯುತ್ತಿರುವಾಗಲೇ ಫೋನಿನ ಬೇರೊಂದು ಕೆಲಸವು ಅಡ್ಡ ಬಂದು ಪರದೆಯನ್ನು ವಶಪಡಿಸಿಕೊಂಡರೆ, ಆಟಕ್ಕೆ ಮುಕ್ತಾಯದ ಸುದ್ದಿ ಬಾರದೆ ರದ್ದತಿಯ ಸುದ್ದಿ ಬರಬಹುದು. ಆಗ ಜೀಪನ್ನು ನಡುನೀರಿನಲ್ಲಿ ಬಿಡದೆ ಹೊರಟ ದಡಕ್ಕೆ ಮರಳಿಸತಕ್ಕದ್ದು. ಅಕ್ಕತಂಗಿಯರಿಬ್ಬರು ಒಂದೇ ಫೋನಿನಲ್ಲಿ ಆಡುವುದೂ ಉಂಟು. ಫೋನು ಪ್ರತಿಯೊಂದು ಬೆರಳಿಗೂ ಒಂದೊಂದು ಗುರುತಿನ ಸಂಖ್ಯೆಯನ್ನು ಕೊಡುತ್ತದೆ. ಜೀಪನ್ನು ಹಿಡಿದ ಬೆರಳಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಆ ಬೆರಳಿನ ಮಾತನ್ನು ಮಾತ್ರ ಜೀಪು ಕೇಳುವಂತೆ ಮಾಡಬೇಕು. ಇಲ್ಲವಾದರೆ ತಂಗಿಯು ಬೆರಳಿಟ್ಟಾಗ ಅಕ್ಕನ ಜೀಪು ಓಡೀತು.

ಕೊನೆಯದಾಗಿ ಬೆರಳಿನ ಗಾತ್ರ. ಬೆರಳ ತುದಿಯು ಸೂಜಿಯ ಮೊನೆಯಲ್ಲ. ಮುಟ್ಟತಕ್ಕ ಜಾಗವು ಕನಿಷ್ಠ 44 ಪಾಯಿಂಟ್ ಇರಲೆಂದು ಆಪಲ್ ಸಂಸ್ಥೆಯೂ, 48 ಡಿಪಿ, ಎಂದರೆ ಸುಮಾರು 9 ಮಿಲಿಮೀಟರ್, ಇರಲೆಂದು ಗೂಗಲ್ ಸಂಸ್ಥೆಯೂ ಸಲಹೆ ಮಾಡಿವೆ. ಲಾಂಚಿನಲ್ಲಿ ನಿಂತ ಪ್ರಯಾಣಿಕನ ಚಿತ್ರವು ಇದಕ್ಕಿಂತ ಸಣ್ಣದಾಗಿದ್ದರೆ ಚಿತ್ರವನ್ನು ಹಿಗ್ಗಿಸಬೇಕಾಗಿಲ್ಲ. ಅದರ ಸುತ್ತ ಕಣ್ಣಿಗೆ ಕಾಣದ ದೊಡ್ಡ ಆಯತವೊಂದನ್ನು ಸ್ಪರ್ಶಕ್ಕಾಗಿ ಇಟ್ಟರೆ ಸಾಕು.

ಸಹೋದರಿಯರೇ, ಇವು ಬರಿಯ ಕೂಡುವ ಕಳೆಯುವ ಲೆಕ್ಕಗಳೆಂದು ಅಲಕ್ಷಿಸಬಾರದು. ಆ ಲಾಂಚಿನಲ್ಲಿ ಎಷ್ಟೋ ಸಲ ದಾಟಿದ ಅಜ್ಜಿಯೊಬ್ಬರು ಮೊಮ್ಮಗಳ ಫೋನಿನಲ್ಲಿ ಜೀಪನ್ನು ಮುಟ್ಟುವರು. ಅದು ಕದಲದಿದ್ದರೆ ಪ್ರೋಗ್ರಾಮಿನಲ್ಲಿ ದೋಷವಿದೆಯೆಂದು ಅವರು ಎಣಿಸುವುದಿಲ್ಲ; ತಮ್ಮ ಬೆರಳೇ ಒರಟು, ಈ ಯಂತ್ರವು ತಮ್ಮಂಥವರಿಗೆ ತಕ್ಕುದಲ್ಲವೆಂದು ಫೋನನ್ನು ಕೆಳಗಿಡುವರು. ನಾವು ಬಿಟ್ಟ ಲೆಕ್ಕಕ್ಕೆ ಅವರು ತಮ್ಮನ್ನು ಹಳಿದುಕೊಂಡಂತಾಯಿತು. ಆದುದರಿಂದ ಆಟವು ಮುಗಿಯಿತೆನ್ನುವ ಮೊದಲು ಅದನ್ನು ಚಿಕ್ಕ ಮಗುವಿನ ಕೈಗೂ, ಅಡಕೆ ಸುಲಿದು ಗಟ್ಟಿಯಾದ ಕೈಗೂ ಕೊಟ್ಟು ನೋಡಿರಿ. ಅವರು ಎಲ್ಲಿ ತಡೆಯುವರೋ ಅಲ್ಲಿ ನಮ್ಮ ಕೆಲಸವು ಇನ್ನೂ ಬಾಕಿಯಿದೆಯೆಂದು ತಿಳಿಯತಕ್ಕದ್ದು.